ವಲಯ ಮಟ್ಟದ ಆಟ

ಶಾಲಾ ಕ್ರೀಡಾಕೂಟಗಳ ವೇಳಾಪಟ್ಟಿ ಬರೆದವರು ಯಾರೇ ಇರಲಿ, ಬಂಟ್ವಾಳದವರಂತೂ ಅಲ್ಲ. ತುಳುವರ ಆಟಿ ತಿಂಗಳು ಮುಗಿದು ಸೋಣ ಹಿಡಿಯುವ ಹೊತ್ತಿಗೆ, ವರ್ಷಕ್ಕೆ ಹತ್ತಿರಹತ್ತಿರ 4,000 ಮಿ.ಮೀ. ಮಳೆ ಸುರಿಯುವ ಜಿಲ್ಲೆಯಲ್ಲಿ, ಮಕ್ಕಳನ್ನು ಬಯಲಿಗಿಳಿಸಿ ಕಬಡ್ಡಿ ಆಡಿಸಿ ಎನ್ನುತ್ತದೆ ಆ ಪಟ್ಟಿ. ರಾತ್ರಿಯಿಡೀ ಮಳೆ ಹೊಡೆದರೆ ಬೆಳಿಗ್ಗೆ ಎಲ್ಲರಿಗೂ ಒಂದೇ ಪ್ರಶ್ನೆ: ಡಿಸಿ ರಜೆ ಕೊಟ್ಟರಾ? ಉಳಿದ ದಿನ ರಜೆಗಾಗಿ ದೈವಕ್ಕೆ ಹರಕೆ ಹೊರುವ ಮಕ್ಕಳು ಆಟದ ದಿನ ಮಾತ್ರ ರಜೆ ಬೇಡ ಎಂದು ಬೇಡಿಕೊಳ್ಳುತ್ತಾರೆ. ದೈವಕ್ಕೂ ಗೊಂದಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಸಮತಟ್ಟಾದ ನೆಲ ಎಂದರೆ ಗದ್ದೆ, ಇಲ್ಲವೇ ಪದವು, ಅಂದರೆ ಗುಡ್ಡೆಯ ಮೇಲಿನ ಬಯಲು. ಗದ್ದೆಯನ್ನು ಶಾಲೆಗೆ ಯಾರು ಬಿಟ್ಟುಕೊಡುತ್ತಾರೆ? ಈಗ ಅದೂ ಅಡಿಕೆ ತೋಟವಾಗಿದೆ. ಹಾಗಾಗಿ ಎಷ್ಟೋ ಶಾಲೆಗಳು ಗುಡ್ಡೆಯ ಮೇಲಿವೆ. ಅವುಗಳ ಮೈದಾನವೆಂದರೆ ಜೆಸಿಬಿ ಗುಡ್ಡೆ ಕೊರೆದು ಮಾಡಿಕೊಟ್ಟ ಒಂದು ದೊಡ್ಡ ಮೆಟ್ಟಿಲು. ಒಂದು ಬದಿಗೆ ಮುರಕಲ್ಲಿನ ಬರೆ, ಇನ್ನೊಂದು ಬದಿಗೆ ಇಳಿಜಾರು, ಕೆಳಗೆ ಯಾರದೋ ತೋಟ. ವಾಲಿಬಾಲ್ ಬರೆಗೆ ಬಡಿದು ವಾಪಸು ಬಂದರೆ ತೊಂದರೆಯಿಲ್ಲ. ಇಳಿಜಾರಿನ ಕಡೆ ಹಾರಿತೋ, ಆರನೇ ಕ್ಲಾಸಿನ ಹುಡುಗನೊಬ್ಬ ಕೆಳಗಿಳಿದು, ತೋಟದ ಮನೆಯ ನಾಯಿಯನ್ನು ಒಲಿಸಿಕೊಂಡು ಮೇಲೆ ಬರುವವರೆಗೆ ಎರಡೂ ತಂಡದವರು ನೀರು ಕುಡಿಯಬೇಕು. ಕಬಡ್ಡಿಯಲ್ಲಿ ಇಂಥ ಮೈದಾನದ ಲಾಭ ಬೇರೆಯೇ. ಅಂಕಣದ ಯಾವ ಮೂಲೆ ಜಾರುತ್ತದೆ ಎನ್ನುವುದು ಆ ಶಾಲೆಯ ಹುಡುಗರಿಗೆ ಮಾತ್ರ ಗೊತ್ತು. ಎದುರಿನ ರೈಡರನ್ನು ಉಪಾಯವಾಗಿ ಅಲ್ಲಿಗೇ ಸಾಗಿಸುತ್ತಾರೆ. ‘ಪತ್ತ್‌ಲ ಮಾರಾಯಾ!’ (ಹಿಡಿ ಮಾರಾಯ!) ಎಂದು ಹೊರಗಿನಿಂದ ಕೂಗು ಬೀಳುವಷ್ಟರಲ್ಲಿ ಅವನು ತಾನಾಗಿಯೇ ಬಿದ್ದಿರುತ್ತಾನೆ.

ಊರಿನ ವಾರಪತ್ರಿಕೆಯೊಂದಕ್ಕೆ ಈ ಆಟಗಳ ವರದಿ ಬರೆಯುವುದು ನನ್ನ ಪಾಲಿಗೆ ಬಂದ ಕೆಲಸ. ವರದಿಯ ಅಚ್ಚು ಮೊದಲೇ ಸಿದ್ಧವಿರುತ್ತದೆ: ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ವೇದಿಕೆಯಲ್ಲಿ ಉಪಸ್ಥಿತರಿದ್ದವರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು. ಜಾಗ ಉಳಿದರೆ ಕೊನೆಯಲ್ಲಿ ಗೆದ್ದ ಶಾಲೆ. ಒಮ್ಮೆ ಸೋತ ತಂಡದ ಹುಡುಗಿಯರ ತ್ರೋಬಾಲ್ ಆಟವನ್ನು ವಿಸ್ತಾರವಾಗಿ ಬರೆದು ಕಳುಹಿಸಿದೆ. ಅಚ್ಚಾದದ್ದು ಬಹುಮಾನ ವಿತರಿಸಿದವರ ಭಾಷಣ, ಜತೆಗೆ ಅವರ ಫೋಟೊ. ಕ್ರೀಡೆಯಿಂದ ದೇಹ ಮತ್ತು ಮನಸ್ಸು ಸದೃಢವಾಗುತ್ತವೆ ಎಂದು ಅವರು ಹೇಳಿದ್ದರು. ಅದನ್ನು ಎಲ್ಲರೂ ಹೇಳುತ್ತಾರೆ.

ಹಾಗಾಗಿ ಅಚ್ಚಿಗೆ ಹೋಗದ್ದೆಲ್ಲ ನೋಟ್‌ಬುಕ್ಕಿನಲ್ಲಿ ಉಳಿದಿದೆ. ಅದರಲ್ಲಿ ಹೆಚ್ಚಿನ ಪುಟಗಳು ವಲಯ ಮಟ್ಟದವು. ಏಣಿ ದೊಡ್ಡದು: ವಲಯ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ, ಆಮೇಲೆ ರಾಷ್ಟ್ರ. ಮೇಲೇರಿದಂತೆ ಆಟ ಚೆನ್ನಾಗುತ್ತದೆ, ಕತೆ ಕಡಿಮೆಯಾಗುತ್ತದೆ. ವಲಯದಲ್ಲಿ ಎಲ್ಲ ಶಾಲೆಗಳೂ ಇರುತ್ತವೆ. ಜೆರ್ಸಿ ಇಲ್ಲದೆ ಬನಿಯನ್ನಿನ ಬೆನ್ನಿಗೆ ಸ್ಕೆಚ್ ಪೆನ್ನಿನಲ್ಲಿ ನಂಬರು ಬರೆದುಕೊಂಡು ಬಂದವರೂ ಇರುತ್ತಾರೆ. ಕಬಡ್ಡಿಗೆ ತೂಕದ ಮಿತಿ ಇರುವುದರಿಂದ ಬೆಳಿಗ್ಗೆ ತಿಂಡಿ ಬಿಟ್ಟು, ತಕ್ಕಡಿ ಹತ್ತುವ ಮೊದಲು ಮೈದಾನಕ್ಕೆ ಸುತ್ತು ಹೊಡೆಯುವ ದಪ್ಪ ಹುಡುಗನೊಬ್ಬ ಪ್ರತಿ ವರ್ಷ ಸಿಗುತ್ತಾನೆ. ತೂಕ ಪಾಸಾದದ್ದೇ ತಡ, ನೇರ ಕ್ಯಾಂಟೀನಿಗೆ ಹೋಗಿ ನಾಲ್ಕು ಗೋಳಿಬಜೆ ತಿಂದು, ಮೊದಲ ರೈಡಿನಲ್ಲೇ ಸುಸ್ತಾಗುತ್ತಾನೆ.

ನಾಕೌಟ್ ಆದ ಕಾರಣ ಅರ್ಧಕ್ಕರ್ಧ ತಂಡಗಳು ಮೊದಲ ಸುತ್ತಿನಲ್ಲೇ ಹೊರಗೆ. ಜೂನ್‌ನಿಂದ ಸಂಜೆಯಿಡೀ ಕೆಸರಲ್ಲಿ ಹೊರಳಾಡಿದ್ದು ಎರಡು ಅರ್ಧಗಳ ಆಟದಲ್ಲಿ ಮುಗಿಯಿತು. ಆದರೂ ಯಾರೂ ಮನೆಗೆ ಹೋಗುವುದಿಲ್ಲ. ಊಟ ಮಾಡಿ, ಕೈ ತೊಳೆದು ಬಂದು, ತಮ್ಮನ್ನು ಸೋಲಿಸಿದ ತಂಡಕ್ಕೇ ಚಪ್ಪಾಳೆ ಹೊಡೆಯುತ್ತಾರೆ. ಇದೆಂಥ ದೊಡ್ಡ ಮನಸ್ಸು ಎಂದು ಒಬ್ಬನನ್ನು ಕೇಳಿದೆ. ‘ಅವರು ಕಪ್ ಗೆದ್ರೆ ನಾವೇ ಸೆಕೆಂಡ್ ಅಂತ ಹೇಳ್ಬಹುದಲ್ಲ ಸರ್’ ಎಂದ.

ಓಟದ ದಿನದ ತಮಾಷೆ ಬೇರೆ. ನಮ್ಮ ಬಹುತೇಕ ಮೈದಾನಗಳಲ್ಲಿ 200 ಮೀಟರಿನ ಟ್ರ್ಯಾಕು ಹಿಡಿಸಿದರೆ ದೊಡ್ಡದು. 3,000 ಮೀಟರ್ ಓಟವೆಂದರೆ ಹದಿನೈದು ಸುತ್ತು. ಸುಣ್ಣದ ಗೆರೆ ಅಷ್ಟರಲ್ಲಿ ಮಳೆಗೆ ತೊಳೆದು ಹೋಗಿರುತ್ತದೆ. ಹತ್ತನೇ ಸುತ್ತಿನ ಹೊತ್ತಿಗೆ ಮುಂದಿರುವವನು ಯಾರು, ಒಂದು ಸುತ್ತು ಹಿಂದಿರುವವನು ಯಾರು ಎಂಬುದು ಲೆಕ್ಕ ಹಿಡಿದ ಮೇಷ್ಟ್ರಿಗೂ ಕಲಸಿಹೋಗಿ, ಪಿ.ಟಿ. ಮಾಸ್ಟ್ರುಗಳ ನಡುವೆ ಹದಿನಾರನೇ ಸುತ್ತು ಶುರುವಾಗುತ್ತದೆ.

ಬೆಳ್ತಂಗಡಿಯವರ ಕಷ್ಟ ದೂರದ್ದು. ಘಟ್ಟದ ಬುಡದ ಶಿಶಿಲ, ನೆರಿಯ, ದಿಡುಪೆ ಕಡೆಯ ಮಕ್ಕಳಿಗೆ ಫೈನಲ್ಲಿಗಿಂತ ಸಂಜೆಯ ಬಸ್ಸಿನ ಚಿಂತೆ ಹೆಚ್ಚು. ಅದೇ ತಾಲೂಕಿನ ಉಜಿರೆಗೆ ಬಂದರೆ ಗಾಳಿ ಬೇರೆ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು ಎತ್ತಿದ ಗುರುರಾಜ ಪೂಜಾರಿ ಕುಂದಾಪುರ ಕಡೆಯವರಾದರೂ, ಭಾರ ಎತ್ತಲು ಕಲಿತದ್ದು ಇಲ್ಲಿನ ಎಸ್‌ಡಿಎಂ ಕಾಲೇಜಿನಲ್ಲಿ. ಊರವರು ‘ನಮ್ಮ ಗುರುರಾಜ’ ಎನ್ನುವುದರಲ್ಲಿ ತಪ್ಪೇನಿಲ್ಲ.

ಮೂಡುಬಿದಿರೆಯ ಸ್ವರಾಜ್ ಮೈದಾನಕ್ಕೆ ಬಂದಾಗ ಮಾತ್ರ ಗುಡ್ಡೆಯ ಮಕ್ಕಳು ಒಂದು ಕ್ಷಣ ನಿಂತುಬಿಡುತ್ತಾರೆ. 400 ಮೀಟರಿನ ಸಿಂಥೆಟಿಕ್ ಟ್ರ್ಯಾಕು. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ನಡೆದದ್ದು ಇಲ್ಲೇ. ಬರಿಗಾಲಿನವರು ಮೊದಲು ಬಗ್ಗಿ ಕೈಯಿಂದ ಒತ್ತಿ ನೋಡುತ್ತಾರೆ. ಪಕ್ಕದಲ್ಲಿ ಸ್ಪೈಕ್ಸ್ ಕಟ್ಟಿಕೊಳ್ಳುತ್ತಿರುವ ಹುಡುಗ ಉತ್ತರ ಕರ್ನಾಟಕದವನು. ಇಲ್ಲಿನ ಆಳ್ವಾಸ್ ಶಿಕ್ಷಣ ಸಂಸ್ಥೆಯ ಕ್ರೀಡಾ ದತ್ತು ಯೋಜನೆಯಲ್ಲಿ ಬಂದವನು. ‘ಇವ ನಮ್ಮೂರಿನವನಾ?’ ಎಂಬ ಗೊಣಗಾಟ ಗ್ಯಾಲರಿಯಲ್ಲಿ ಪ್ರತಿ ವರ್ಷ ಏಳುತ್ತದೆ. ನನಗೇನೋ ಅದು ಸರಿ ಕಾಣುವುದಿಲ್ಲ. ಎರಡನೇ ವರ್ಷಕ್ಕೆ ಅವನು ತುಳುವಿನಲ್ಲಿ ಬೈಯಲು ಕಲಿತಿರುತ್ತಾನೆ, ಇನ್ನೆಷ್ಟು ಊರಿನವನಾಗಬೇಕು?

ಮೂಡುಬಿದಿರೆ ಹತ್ತಿರದ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಯಾರೋ ಅದನ್ನು 100 ಮೀಟರಿಗೆ ಇಳಿಸಿ 9.55 ಎಂದರು, ಉಸೇನ್ ಬೋಲ್ಟ್ ದಾಖಲೆ 9.58. ದೆಹಲಿಯಿಂದ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಟ್ರಯಲ್ಸಿಗೆ ಕರೆ ಬಂತು, ಅವರು ಆಗ ಹೋಗಲಿಲ್ಲ. ಕೋಣಗಳ ವೇಗವೂ ಅದರಲ್ಲಿದೆ, ಕೆಸರಿನ ಓಟವೇ ಬೇರೆ ಎಂದು ತಿಳಿದವರು ಹೇಳಿದರು. ಆದರೆ ಕೊರೊನಾ ಕಳೆದು ಶಾಲಾ ಕ್ರೀಡಾಕೂಟ ಮತ್ತೆ ಶುರುವಾದಾಗ ವಲಯ ಮಟ್ಟದ 100 ಮೀಟರಿಗೆ ಹೆಸರು ಕೊಟ್ಟವರ ಸಾಲು ಉದ್ದವಾಗಿತ್ತು. ಹೆಚ್ಚಿನವರಿಗೆ ಓಡಲು ಬರುತ್ತಿರಲಿಲ್ಲ, ಅದು ಬೇರೆ ಮಾತು.

ನವೆಂಬರಿಗೆ ಎಲ್ಲ ಮುಗಿಯುತ್ತದೆ. ಹತ್ತನೇ ಕ್ಲಾಸಿನವರನ್ನು ಸ್ಪೆಷಲ್ ಕ್ಲಾಸಿಗೆ ಕೂಡಿಹಾಕುತ್ತಾರೆ. ಅವರ ಪೈಕಿ ರೈಡರ್ ಆಗಿದ್ದವನೊಬ್ಬ ರಾತ್ರಿ ಹೊನಲು ಬೆಳಕಿನ ಮ್ಯಾಟ್ ಕಬಡ್ಡಿಯಲ್ಲಿ ಯುವಕ ಮಂಡಲದ ಪರವಾಗಿ ಬೇರೆ ಹೆಸರಿನಲ್ಲಿ ಆಡುತ್ತಿರುತ್ತಾನೆ. ಹೆಡ್‌ಮಾಸ್ಟ್ರು ಮೊದಲ ಸಾಲಿನಲ್ಲೇ ಕೂತಿದ್ದರೂ ಗುರುತು ಸಿಗದವರಂತೆ ಇರುತ್ತಾರೆ. ಪಿ.ಟಿ. ಮಾಸ್ಟ್ರು ಮಾತ್ರ ಏಳನೇ ಕ್ಲಾಸಿನ ಬಾಗಿಲಲ್ಲಿ ನಿಂತು, ಹಿಂದಿನ ಬೆಂಚಿನ ಉದ್ದ ಹುಡುಗನನ್ನು ಕರೆದು, ಹುಟ್ಟಿದ ತಾರೀಕು ಕೇಳುತ್ತಿದ್ದಾರೆ.