ಚರ್ಚ್ ಸ್ಟ್ರೀಟಿನಲ್ಲಿ ಒಂದು ಸಂಜೆ

ಬೆಂಗಳೂರಿಗೆ ಹೋದ ಗಂಡನು ಹೆಂಡತಿಗೆ ಏನನ್ನು ತರಬೇಕು ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಬಹು ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ. ಸೀರೆ ತಂದರೆ, ಬಣ್ಣ ಸರಿಯಿಲ್ಲವೆಂಬ ಆಕ್ಷೇಪಣೆಯೊಡನೆಯಾದರೂ ಅದು ಸ್ವೀಕೃತವಾಗುತ್ತದೆ. ಸಿಹಿತಿಂಡಿ ತಂದರೆ ಆಕ್ಷೇಪಣೆಯೇ ಇಲ್ಲ. ಆದರೆ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋಗಿದ್ದ ನಾನು, ಕೊನೆಯ ದಿನದ ಸಂಜೆ ಈ ಎರಡು ರಾಜಮಾರ್ಗಗಳನ್ನೂ ಬಿಟ್ಟು ಚರ್ಚ್ ಸ್ಟ್ರೀಟಿನ ಕಡೆಗೆ ನಡೆಯಬೇಕಾಯಿತು. ನನ್ನ ಮೇಲೆ ಒಂದು ಸಾಲವಿತ್ತು.

ನನ್ನ ಶ್ರೀಮತಿಗೆ ಕಾಮಿಕ್ಸ್ ಎಂದರೆ ಪ್ರಾಣ. ಮದುವೆಯಾಗಿ ಬಂದಾಗ ಅವಳ ಸಾಮಾನುಗಳ ನಡುವೆ ‘ಬಾಲಮಂಗಳ’ದ ಹಳೆಯ ಸಂಚಿಕೆಗಳ ಕಟ್ಟೊಂದಿತ್ತು. ಇಲಿಯ ರೂಪದ ಶೂರ ಡಿಂಗನ ಸಾಹಸಗಳಿಂದ ಮೊದಲಾದ ಅವಳ ಅಭಿರುಚಿ, ವರುಷ ಕಳೆದಂತೆ ದಪ್ಪ ದಪ್ಪನೆಯ ಗ್ರಾಫಿಕ್ ಕಾದಂಬರಿಗಳವರೆಗೆ ಬೆಳೆದಿತ್ತು. ಹಳಗನ್ನಡ ಕಾವ್ಯಗಳ ಪಕ್ಕದಲ್ಲಿ ಆ ಬಣ್ಣದ ಬೆನ್ನುಗಳು ನಿಂತಿರುವುದನ್ನು ಕಂಡಾಗಲೆಲ್ಲ ನನ್ನ ಕನ್ನಡ ಎಂ.ಎ. ಪದವಿಗೆ ಒಂದಿಷ್ಟು ಇರುಸುಮುರುಸಾಗುತ್ತಿದ್ದುದು ನಿಜ. ಒಂದು ಭಾನುವಾರ ಮನೆಗೆ ಬಂದಿದ್ದ ಸಹೋದ್ಯೋಗಿಗಳೆದುರು, “ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು. ದೊಡ್ಡವಳಿಗೆ ಮೂವತ್ತನಾಲ್ಕು, ಇನ್ನೂ ಬೊಂಬೆ ಪುಸ್ತಕ ಬಿಟ್ಟಿಲ್ಲ” ಎಂದುಬಿಟ್ಟೆ. ಎಲ್ಲರೂ ನಕ್ಕರು. ಕಾಫಿಯ ಲೋಟಗಳನ್ನು ತಂದಿಡುತ್ತಿದ್ದ ಅವಳೂ ನಕ್ಕಳು. ಮರುದಿನ ಬೆಳಗ್ಗೆ ನೋಡಿದರೆ ಕಪಾಟಿನ ಆ ಸಾಲು ಬರಿದಾಗಿತ್ತು. ಪುಸ್ತಕಗಳೆಲ್ಲ ಮಂಚದ ಕೆಳಗಿನ ಟ್ರಂಕಿಗೆ ಹೋಗಿದ್ದವು. ಆಮೇಲೆ ಎಂಟು ತಿಂಗಳಾದರೂ ಅವಳು ನನ್ನೆದುರಿಗೆ ಒಂದು ಚಿತ್ರಕಥೆಯನ್ನೂ ಬಿಡಿಸಿದ್ದನ್ನು ನಾನು ಕಾಣಲಿಲ್ಲ. ಜಗಳವಾಗಿದ್ದರೆ ಚೆನ್ನಾಗಿತ್ತು; ಜಗಳಕ್ಕೊಂದು ಕೊನೆಯಿರುತ್ತದೆ.

ಎಂ.ಜಿ. ರಸ್ತೆಯ ಮೆಟ್ರೊ ನಿಲ್ದಾಣದಲ್ಲಿಳಿದು ಬ್ರಿಗೇಡ್ ರಸ್ತೆಯೊಳಗೆ ಸ್ವಲ್ಪ ದೂರ ನಡೆದರೆ ಬಲಕ್ಕೆ ತೆರೆದುಕೊಳ್ಳುವುದೇ ಚರ್ಚ್ ಸ್ಟ್ರೀಟು. ಅಲ್ಲಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದ, ಅಷ್ಟೆ. 2018ರಲ್ಲಿ ಕಲ್ಲು ಹಾಸಿ ಹೊಸದಾಗಿಸಿದ ಈ ಬೀದಿಯಲ್ಲಿ ಸಂಜೆಯ ಹೊತ್ತು ನಡೆಯುವವರಿಗಿಂತ ನಿಂತವರೇ ಹೆಚ್ಚು. ಉಪಾಹಾರ ಗೃಹಗಳ ದೀಪ, ಹಾಡುವ ಹುಡುಗರು, ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳುವ ತರುಣಿಯರು! ಈ ಗದ್ದಲದ ನಡುವೆಯೇ ಪುಸ್ತಕದಂಗಡಿಗಳು ಬೀಡುಬಿಟ್ಟಿರುವುದು ಈ ಬೀದಿಯ ಭಾಗ್ಯ. ನಡುವೆ ಹಾದುಹೋಗುವ ಮ್ಯೂಸಿಯಂ ರಸ್ತೆಯಲ್ಲಿ 1971ರಿಂದ 2009ರವರೆಗೆ ಟಿ. ಎಸ್. ಶಾನಭಾಗರ ‘ಪ್ರೀಮಿಯರ್’ ಅಂಗಡಿಯಿತ್ತು. ಗೋಡೆಯಂತೆ ಏರಿಸಿದ್ದ ಪುಸ್ತಕದ ರಾಶಿಗಳಲ್ಲಿ ಕೇಳಿದ ಪುಸ್ತಕ ಎಲ್ಲಿದೆಯೆಂದು ಅವರು ನೆನಪಿನಿಂದಲೇ ಹೇಳುತ್ತಿದ್ದರೆಂದು ಹಳಬರು ಇಂದಿಗೂ ಸ್ಮರಿಸುತ್ತಾರೆ. ಈಗ ‘ಬ್ಲಾಸಮ್’, ‘ಬುಕ್‌ವರ್ಮ್’ ಮೊದಲಾದ ಅಂಗಡಿಗಳು ಆ ಪರಂಪರೆಯನ್ನು ನಡೆಸಿಕೊಂಡು ಬಂದಿವೆ. ಹೊಸದರ ಪಕ್ಕದಲ್ಲಿ ಹಳೆಯದು, ಹಳೆಯದರ ಮೊದಲ ಪುಟದಲ್ಲಿ ಯಾರೋ ಯಾರಿಗೋ ಪ್ರೀತಿಯಿಂದ ಕೊಟ್ಟ ಸಹಿ.

ಅಂಥದೊಂದು ಅಂಗಡಿಯನ್ನು ಹೊಕ್ಕು ಕಾಮಿಕ್ಸ್ ವಿಭಾಗವನ್ನು ಕೇಳಿದೆ. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಕರೆದುಕೊಂಡು ಹೋಗಿ ನಿಲ್ಲಿಸಿದ. ನೆಲದಿಂದ ಚಾವಣಿಯವರೆಗೆ ಬಣ್ಣವೇ ಬಣ್ಣ.

“ಯಾರಿಗೆ ಸರ್?”

“ನಮ್ಮ ಮನೆಯವರಿಗೆ.”

“ಮೇಡಂ ಯಾವುದನ್ನೆಲ್ಲ ಓದಿದ್ದಾರೆ? ಈಗ ಯಾವುದು ಓದುತ್ತಿದ್ದಾರೆ?”

ಪಂಪನ ಕೃತಿಗಳೆಷ್ಟು, ರನ್ನನ ಆಶ್ರಯದಾತರು ಯಾರು ಎಂದು ಕೇಳಿದ್ದರೆ ನಿದ್ದೆಯಲ್ಲಿಯೂ ಹೇಳುತ್ತಿದ್ದೆ. ಹನ್ನೊಂದು ವರುಷ ಒಂದೇ ಸೂರಿನ ಕೆಳಗಿದ್ದವಳು ಓದುವ ಒಂದು ಪುಸ್ತಕದ ಹೆಸರೂ ನನಗೆ ತಿಳಿದಿರಲಿಲ್ಲ. ನನ್ನ ಮುಖವನ್ನು ನೋಡಿ ಹುಡುಗನೇ ತಲೆ ತಗ್ಗಿಸಿದ.

ನನ್ನ ಬುದ್ಧಿಗೆ ಮೊದಲು ಹೊಳೆದುದು ಗೌರವಾನ್ವಿತವಾದ ಪುಸ್ತಕವನ್ನೇ ಒಯ್ಯಬೇಕೆಂಬುದು. ಆರ್ಟ್ ಸ್ಪೀಗಲ್‌ಮನ್ನರ ‘ಮೌಸ್’ ಕಣ್ಣಿಗೆ ಬಿತ್ತು. ಹಿಟ್ಲರನ ಯಾತನಾಶಿಬಿರದಿಂದ ಬದುಕಿ ಬಂದ ತಂದೆಯ ಕಥೆಯನ್ನು ಮಗ ಬರೆದಿದ್ದಾನೆ; ಯಹೂದ್ಯರು ಇಲಿಗಳು, ಜರ್ಮನರು ಬೆಕ್ಕುಗಳು. 1986ರಲ್ಲಿ ಮೊದಲ ಸಂಪುಟ, 1991ರಲ್ಲಿ ಎರಡನೆಯದು. 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ. ಪ್ರಶಸ್ತಿ ಬಂದಿದೆಯೆಂದೊಡನೆ ನನ್ನ ಕೈ ಚಾಚಿತು. ಅದರ ಪಕ್ಕದಲ್ಲಿ ಮರ್ಜಾನ್ ಸತ್ರಪಿಯವರ ‘ಪರ್ಸೆಪೊಲಿಸ್’. 1979ರ ಕ್ರಾಂತಿಯ ಕಾಲದ ಇರಾನಿನಲ್ಲಿ ಬೆಳೆದ ಹುಡುಗಿಯ ಆತ್ಮಕಥೆ, ಬರಿಯ ಕಪ್ಪು ಬಿಳುಪಿನಲ್ಲಿ. ಎರಡನ್ನೂ ತೆಗೆದುಕೊಂಡು, ಎಚ್ಚರಿಕೆಗೆಂದು ಭಾವಮೈದುನನಿಗೆ ದೂರವಾಣಿ ಮಾಡಿದೆ.

“ಭಾವ, ಆ ಎರಡೂ ಅಕ್ಕನ ಹತ್ತಿರ ಇವೆ. ಮದುವೆಗೆ ಮೊದಲೇ ಕೊಂಡಿದ್ದಳು. ನಿಮ್ಮ ಮನೆಯ ಕಪಾಟಿನಲ್ಲೇ ಇದ್ದವಲ್ಲ!” ಎಂದ ಅವನು. ಸ್ವಲ್ಪ ತಡೆದು, “ಬೇಜಾರು ಮಾಡಿಕೊಳ್ಳಬೇಡಿ ಭಾವ. ಅಕ್ಕನಿಗೆ ಕಥೆಗಿಂತ ಚಿತ್ರ ಮುಖ್ಯ. ಒಂದೇ ಪುಟವನ್ನು ಅರ್ಧ ಗಂಟೆ ನೋಡುತ್ತಾಳೆ” ಎಂದು ಸೇರಿಸಿದ.

ಪುಸ್ತಕಗಳನ್ನು ಮರಳಿ ಇಟ್ಟೆ. ಅವೆರಡೂ ಶ್ರೇಷ್ಠ ಕೃತಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾನು ಅವನ್ನು ಆರಿಸಿದ್ದು ಅವಳ ಸಂತೋಷಕ್ಕಲ್ಲ. ಕಪಾಟಿನಲ್ಲಿ ನನ್ನ ಮಾನ ಉಳಿಯಲೆಂದು.

ಆ ಹುಡುಗ ಒಳ್ಳೆಯ ಗುರುವಾಗಿ ಒದಗಿದ. ಕಾಮಿಕ್ಸ್ ಓದುವವರಿಗೆ ಉಡುಗೊರೆ ಕೊಡುವವನು ನೋಡಬೇಕಾದುದನ್ನು ಒಂದೊಂದಾಗಿ ತಿಳಿಸಿದ. ಮೊದಲನೆಯದು, ಮಾಲಿಕೆಯ ನಡುವಣ ಸಂಪುಟವನ್ನು ಒಯ್ಯಬಾರದು. ಒಂದೇ ಸಂಪುಟದಲ್ಲಿ ಮುಗಿಯುವ ಕಥೆ ಕ್ಷೇಮ. ಎರಡನೆಯದು, ಹೊದಿಕೆಯ ಚಿತ್ರವನ್ನು ನಂಬದೆ ಒಳಪುಟಗಳನ್ನು ಬಿಡಿಸಿ ನೋಡಬೇಕು. ಕೆಲವೊಮ್ಮೆ ಹೊದಿಕೆ ಬರೆದವನು ಬೇರೆ, ಒಳಗಿನ ಚಿತ್ರಗಾರ ಬೇರೆ. ಮೂರನೆಯದು, ಜಪಾನಿನ ‘ಮಾಂಗಾ’ಗಳಾದರೆ ಹೆಚ್ಚಿನವು ಬಲದಿಂದ ಎಡಕ್ಕೆ ಸಾಗುತ್ತವೆ, ಅಚ್ಚಿನ ತಪ್ಪೆಂದು ಹಿಂದಿರುಗಿಸಲು ಬರಬಾರದು! ಎಲ್ಲಕ್ಕೂ ಮಿಗಿಲಾಗಿ, “ಒಂದನ್ನಾದರೂ ನೀವೇ ಓದಿ ನೋಡಿ ಸರ್” ಎಂದು ಹೇಳಿ ಪ್ಲಾಸ್ಟಿಕ್ ಸ್ಟೂಲೊಂದನ್ನು ತಂದಿಟ್ಟ.

ರೈಲಿಗೆ ಇನ್ನೂ ನಾಲ್ಕು ಗಂಟೆಯಿತ್ತು. ಕುಳಿತೆ.

ಮೊದಲು ಅವನು ಕೊಟ್ಟದ್ದು ‘ಭೀಮಾಯಣ’. ಅಂಬೇಡ್ಕರರ ಜೀವನವನ್ನು ಕುರಿತು 2011ರಲ್ಲಿ ಹೊರಬಂದ ಈ ಪುಸ್ತಕದ ಚಿತ್ರಗಳನ್ನು ಬರೆದವರು ಗೊಂಡ ಶೈಲಿಯ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಇಲ್ಲಿ ಚೌಕಗಳ ಬೇಲಿಯಿಲ್ಲ. ಕಥೆ ಬಯಲಿನಲ್ಲಿ ಹರಿಯುತ್ತದೆ. ಮೃದುವಾದ ಮಾತು ಹಕ್ಕಿಯಾಕಾರದ ಗುಳ್ಳೆಯಲ್ಲಿದ್ದರೆ, ಜಾತಿಯ ವಿಷ ಕಾರುವ ಮಾತಿನ ಗುಳ್ಳೆಗೆ ಚೇಳಿನ ಕೊಂಡಿಯಿದೆ. ಕಾವ್ಯಮೀಮಾಂಸೆಯ ತರಗತಿಯಲ್ಲಿ ಧ್ವನಿಯೆಂದರೇನೆಂದು ವರ್ಷವರ್ಷವೂ ಬೋಧಿಸುವವನು ನಾನು. ಆ ಕೊಂಡಿಯನ್ನು ಕಂಡು ಸುಮ್ಮನಾದೆ.

ಅನಂತರ ಬಂದದ್ದು ಆಸ್ಟ್ರೇಲಿಯದ ಶಾನ್ ಟಾನ್ 2006ರಲ್ಲಿ ಪ್ರಕಟಿಸಿದ ‘ದಿ ಅರೈವಲ್’. ಪುಟ ತಿರುವಿದೆ, ಮತ್ತೆ ತಿರುವಿದೆ. ಒಂದು ಮಾತೂ ಇಲ್ಲ. ಆರಂಭದಲ್ಲಿ ಒಂದು ಮನೆಯ ಸಾಮಾನುಗಳು: ಕಾಗದದ ಹಕ್ಕಿ, ಗಡಿಯಾರ, ಟೋಪಿ, ಮಗು ಬರೆದ ಚಿತ್ರ, ಕುಟುಂಬದ ಭಾವಚಿತ್ರ. ಆ ಮನೆಯ ಯಜಮಾನ ಹೆಂಡತಿ ಮಗಳನ್ನು ಬಿಟ್ಟು ಪರದೇಶಕ್ಕೆ ದುಡಿಯಲು ಹೋಗುತ್ತಾನೆ. ಆ ದೇಶದ ಲಿಪಿ ಅವನಿಗೆ ತಿಳಿಯದು. ಚಿತ್ರಗಾರ ಅದನ್ನು ಕಲ್ಪಿಸಿ ಬರೆದಿರುವುದರಿಂದ ನಮಗೂ ತಿಳಿಯದು. ಬಾಡಿಗೆಗೆ ಕೋಣೆ ಬೇಕೆನ್ನಲು ಅವನು ಚಿತ್ರ ಬರೆದು ತೋರಿಸುತ್ತಾನೆ. ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಕ್ಕರೆ, ಅಕ್ಷರ ತಿಳಿಯದೆ ಎಲ್ಲವನ್ನೂ ತಲೆಕೆಳಗಾಗಿ ಅಂಟಿಸುತ್ತಾನೆ. ಅಲ್ಲಿಗೆ ಬಂದಾಗ ನನಗೆ ನಗು ಬಂತು. ಮರುಕ್ಷಣವೇ ಗಂಟಲು ಕಟ್ಟಿತು. ಅಕ್ಷರವನ್ನೇ ನಂಬಿ ಬದುಕಿದ ನಾನು, ಅಕ್ಷರವಿಲ್ಲದ ಪುಸ್ತಕದ ಮುಂದೆ ಹೊಸದಾಗಿ ಶಾಲೆಗೆ ಸೇರಿದ ಹುಡುಗನಂತೆ ಕುಳಿತಿದ್ದೆ. ಅವಳು ಒಂದು ಪುಟವನ್ನು ಅರ್ಧ ಗಂಟೆ ಏಕೆ ನೋಡುತ್ತಾಳೆಂಬುದು ಆಗ ತಿಳಿಯಿತು.

ಭಾವಮೈದುನನಿಗೆ ಮತ್ತೆ ದೂರವಾಣಿ ಮಾಡಿದೆ. ಈ ಪುಸ್ತಕ ಅವಳಲ್ಲಿಲ್ಲವೆಂದು ಗೊತ್ತಾಯಿತು. ಕಟ್ಟಿಸಿಕೊಂಡು ಹೊರಡುವಾಗ ಹುಡುಗ ಕೇಳಿದ: “ಒಳಗೆ ಏನಾದರೂ ಬರೆಯುತ್ತೀರಾ ಸರ್?” ಪೆನ್ನು ತೆಗೆದೆ, ಬಹಳ ಹೊತ್ತು ಯೋಚಿಸಿ ಅವಳ ಹೆಸರನ್ನು, ದಿನಾಂಕವನ್ನು ಮಾತ್ರ ಬರೆದೆ. ಉಪನ್ಯಾಸಕನಿಗೆ ಅದೊಂದು ದಾಖಲೆಯೇ ಸರಿ.

ಬೆಳಗಿನ ರೈಲಿನಿಂದಿಳಿದು ಮನೆ ಸೇರಿ, ಕಟ್ಟನ್ನು ಅವಳ ಕೈಗಿತ್ತೆ. ಬಿಚ್ಚಿದಳು. ಮುಖದಲ್ಲಿ ಏನೂ ತೋರಗೊಡದೆ ಮೊದಲ ಪುಟವನ್ನು ನೋಡಿದಳು. ಅಷ್ಟರಲ್ಲಿ ದೇವರ ಮನೆಯಿಂದ ಬಂದ ನನ್ನ ತಾಯಿ ಪಕ್ಕದಲ್ಲಿ ಕುಳಿತರು. ಅವರಿಗೆ ಕನ್ನಡದ ಅಕ್ಷರಗಳೇ ಕಷ್ಟ. ನಾಲ್ಕು ಪುಟ ನೋಡಿ, “ಇವನು ಊರು ಬಿಟ್ಟು ಹೋಗ್ತಿದ್ದಾನೆ, ಅಲ್ವೇನೇ? ಹೆಂಡ್ತಿ ಅಳ್ತಿಲ್ಲ ನೋಡು, ಮಗುಗೋಸ್ಕರ ತಡ್ಕೊಂಡಿದ್ದಾಳೆ” ಎಂದರು. ನನಗೆ ಆ ವಿಷಯ ಹೊಳೆದಿರಲಿಲ್ಲ.

ರಾತ್ರಿ ಊಟವಾದ ಮೇಲೆ ಅವಳು ಕೇಳಿದಳು:

“ರೀ, ನೀವು ಇದನ್ನು ಓದಿದಿರಾ?”

“ಓದಿದೆ.”

“ಪೂರ್ತಿ?”

“ಪೂರ್ತಿ. ಅಂಗಡಿಯಲ್ಲೇ ಕುಳಿತು.” ಸ್ವಲ್ಪ ಹೊತ್ತಿನ ಮೇಲೆ, “ಅವತ್ತು ನಾನು ಆಡಿದ ಮಾತು ತಪ್ಪು” ಎಂದೆ.

ಅವಳು ಅದಕ್ಕೆ ಉತ್ತರ ಕೊಡಲಿಲ್ಲ. ಮಂಚದ ಕೆಳಗಿನಿಂದ ಟ್ರಂಕನ್ನು ಎಳೆದು, ಒಂದು ಪುಸ್ತಕವನ್ನು ತೆಗೆದು, ಧೂಳು ಒರೆಸಿ ನನ್ನ ಮುಂದಿಟ್ಟಳು. ‘ಪರ್ಸೆಪೊಲಿಸ್’!

“ಮೊದಲು ಇದನ್ನು ಓದಿ. ನಿಧಾನವಾಗಿ ಓದಿ. ಪುಟ ಮಡಿಸಬೇಡಿ” ಎಂದಳು.

ಈಗ ಓದುತ್ತಿದ್ದೇನೆ. ಟ್ರಂಕು ಇನ್ನೂ ಮಂಚದ ಕೆಳಗೇ ಇದೆ. ಆದರೆ ಅದರ ಮುಚ್ಚಳ ದಿನಕ್ಕೊಮ್ಮೆಯಾದರೂ ತೆರೆಯುವ ಸದ್ದು ಕೇಳಿಬರುತ್ತದೆ.