ಕರೆ-ಕರೆ

ನಮ್ಮ ಮಗ ಸರಕುಹಡಗಿನಲ್ಲಿ ಇಂಜಿನಿಯರ್. ಅವನ ಜೊತೆಗಾರರಲ್ಲಿ ಹೆಚ್ಚಿನವರು ಫಿಲಿಪೀನ್ಸ್ ದೇಶದವರು. ಒಮ್ಮೆ ಫೋನಿನಲ್ಲಿ, "ಅಪ್ಪಾ, ಇವತ್ತು ಊಟಕ್ಕೆ ಕರೆ-ಕರೆ ಅಂತ ಮಾಡಿದ್ದರು. ನಮ್ಮ ಪದವೇನು?" ಎಂದು ಕೇಳಿದ. ಚೆನ್ನೈಯ ಮನೆಯಲ್ಲಿ ಅವನ ಕರೆಗಾಗಿ ವಾರವಿಡೀ ಕಾಯುವ ನಾವಿಬ್ಬರೂ ನಕ್ಕೆವು. "ಏನೇನು ಹಾಕಿದ್ದರೋ?" ಎಂದು ಅವನ ತಾಯಿ ಕೇಳಿದಾಗ ಮಾತ್ರ, "ಕಡಲೆಕಾಯಿ, ಬದನೆಕಾಯಿ, ಬಾಳೆಹೂವು..." ಎಂದು ನಿಲ್ಲಿಸಿದ.

ಆ ಪದದ ಬೆನ್ನು ಹತ್ತಿದೆವು. ಅದು ಕನ್ನಡದ 'ಕರೆ'ಯಲ್ಲ. ತಮಿಳಿನ 'ಕರಿ'ಯಿಂದ ಬಂತೆಂಬುದು ಹೆಚ್ಚು ಪ್ರಚಲಿತವಾದ ಮಾತು. ನಮ್ಮ ನೆರೆಹೊರೆಯಲ್ಲಿ ಕೆಲವರಿಗೆ ಪಲ್ಯವಾಗಿ, ಕೆಲವರಿಗೆ ಮಾಂಸವಾಗಿ ನಿತ್ಯ ಕಿವಿಗೆ ಬೀಳುವ ಅದೇ ಪದ. ಪದವನ್ನು ಎರಡು ಬಾರಿ ನುಡಿದರೆ ನಮ್ಮಲ್ಲಿ 'ಬಿಸಿಬಿಸಿ'ಯಂತೆ ಅರ್ಥ ಹೆಚ್ಚುತ್ತದೆ. ತಗಾಲೊಗ್ ಭಾಷೆಯಲ್ಲಿ ಕೆಲವೊಮ್ಮೆ ಅದು ಅನುಕರಣೆಯ ಸೂಚನೆ: 'ಬಹಾಯ್' ಎಂದರೆ ಮನೆ, 'ಬಹಾಯ್-ಬಹಾಯನ್' ಎಂದರೆ ಮಕ್ಕಳ ಮನೆಯಾಟ. ಹಾಗೆ ನೋಡಿದರೆ ಕರೆ-ಕರೆ ಎಂದರೆ 'ಕರಿಯಂತಿರುವುದು'. ಪಂಪಂಗಾ ಪ್ರಾಂತದವರು ಈ ಅಡುಗೆ ತಮ್ಮ ನೆಲದ್ದೇ ಎನ್ನುವುದೂ ಉಂಟು.

ಈ ಪದಕ್ಕೊಂದು ಪಯಣದ ಕತೆಯನ್ನೂ ಹೇಳುತ್ತಾರೆ. 1762ರಲ್ಲಿ ಬ್ರಿಟಿಷರು ಮನಿಲಾ ನಗರವನ್ನು ಗೆಲ್ಲಲು ಹಡಗೇರಿದ್ದು ನಮ್ಮ ಈ ಮದರಾಸಿನಿಂದಲೇ. ಜೊತೆಗೆ ಇಲ್ಲಿನ ಸಿಪಾಯಿಗಳೂ ಹೋದರು. 1764ರಲ್ಲಿ ಬ್ರಿಟಿಷರು ಮರಳಿದಾಗ ಕೆಲವು ಸಿಪಾಯಿಗಳು ಹಡಗು ಹತ್ತದೆ, ಮನಿಲಾದ ಬಳಿಯ ಕಾಯ್ಂತಾ ಊರಿನಲ್ಲಿ ಮದುವೆಯಾಗಿ ನೆಲೆಸಿದರು. ಮನೆಯ ರುಚಿಯನ್ನು ನೆನೆದು, ಸಿಕ್ಕಿದ್ದರಲ್ಲಿ ಅವರು ಬೇಯಿಸಿಕೊಂಡದ್ದೇ ಕರೆ-ಕರೆ ಎಂಬುದು ಆ ಕತೆ. ಕಡಲೆಕಾಯಿಯೂ ಕೆಂಬಣ್ಣ ಕೊಡುವ ರಂಗಮಾಲಿ ಬೀಜವೂ ಅಮೆರಿಕ ಖಂಡದವು. ಸಾರನ್ನು ಗಟ್ಟಿಯಾಗಿಸುವ ಹುರಿದ ಅಕ್ಕಿಹಿಟ್ಟು ನಮಗೂ ಪರಿಚಿತ. ಮುಖ್ಯವಾಗಿ ಬೇಯುವುದು ಎತ್ತಿನ ಬಾಲ. ಮಗ ಮಾತು ನಿಲ್ಲಿಸಿದ್ದು ಅಲ್ಲಿಯೇ ಎಂದು ಆಗ ತಿಳಿಯಿತು.

ಆ ರಾತ್ರಿ ನಮ್ಮ ಮನೆಯಲ್ಲಿ ಹೆಚ್ಚು ಮಾತಿರಲಿಲ್ಲ. ಮಗ ತಿಂದದ್ದಕ್ಕಿಂತ, ನಮ್ಮಿಂದ ಮುಚ್ಚಿಟ್ಟದ್ದು ನೋವಾಯಿತು. ಆದರೆ ಮುಚ್ಚಿಡುವಂತೆ ಅವನನ್ನು ಬೆಳೆಸಿದವರು ಯಾರು? ಕಾಯ್ಂತಾದಲ್ಲಿ ಉಳಿದ ಸಿಪಾಯಿಗಳಿಗೂ ಈ ಕರಾವಳಿಯಲ್ಲಿ ತಂದೆತಾಯಂದಿರು ಇದ್ದಿರಬೇಕು. ಮಗ ಏನು ಉಂಡನೆಂದು ಕೇಳುವ ದಾರಿಯೂ ಅವರಿಗಿರಲಿಲ್ಲ. ನಮಗೆ ಅದಾದರೂ ಇದೆ.

ಮುಂದಿನ ಭಾನುವಾರ ಮಗನ ಕರೆ ಬಂದಾಗ ಅವನ ತಾಯಿಯೇ ಮೊದಲು ಕೇಳಿದಳು: "ಆ ಕರೆ-ಕರೆ ಮತ್ತೆ ಮಾಡಿದ್ದರೇನೋ?" ಅವನು ಕೊಂಚ ತಡೆದು, "ಹೂಂ ಅಮ್ಮಾ, ಮಾಡಿದ್ದರು" ಎಂದ. "ಹೊಟ್ಟೆ ತುಂಬಾ ಉಂಡೆಯಾ?" ಎಂದಳು. ಆಮೇಲೆ ಅವನು ಬಹಳ ಹೊತ್ತು ಮಾತಾಡಿದ.