ಅಸ್ತಿಭಾರ ಮತ್ತು ಅತಿಭಾರ

ಗೃಹಸ್ಥಾಶ್ರಮದಲ್ಲಿರುವವನಿಗೆ ಮನೆ ಕಟ್ಟಿಸುವ ಪ್ರಸಂಗ ಒಮ್ಮೆಯಾದರೂ ಒದಗುತ್ತದೆ. ತಾನು ಎಂಜಿನಿಯರಿಂಗ್ ಓದಿದವನಲ್ಲವೆಂದು ಆಗ ಅವನು ನುಣುಚಿಕೊಳ್ಳುವಂತಿಲ್ಲ. ಹಣ ಅವನದು, ಆತುರವೂ ಅವನದು. ಆದಕಾರಣ ಹೊಣೆಯೂ ಅವನದೇ.

ಹನುಮಂತನಗರದಲ್ಲಿ ಶ್ರಾವಕರೊಬ್ಬರಿಗೆ ತಂದೆಯಿಂದ ಬಂದ ಒಂದು ಮನೆಯಿದೆ. ಮೂವತ್ತು ನಲವತ್ತರ ನಿವೇಶನ, ಒಂದೇ ಅಂತಸ್ತು, ಒಂಬತ್ತಂಗುಲದ ಇಟ್ಟಿಗೆ ಗೋಡೆ, ಮದ್ರಾಸ್ ತಾರಸಿ, ಕೆಂಪು ಗಾರೆಯ ನೆಲ. ಇಬ್ಬರು ಗಂಡುಮಕ್ಕಳಿಗೂ ವಿವಾಹವಾದ ಮೇಲೆ, ತಾರಸಿ ತೆಗೆದು ಅದೇ ಗೋಡೆಗಳ ಮೇಲೆ ಎರಡು ಅಂತಸ್ತು ಏರಿಸಬೇಕೆಂದು ಅವರು ಮನಸ್ಸು ಮಾಡಿದರು. ಹಳೆಯ ಕಾಲದ ಗೋಡೆ, ಆನೆ ನಿಂತರೂ ಅಲ್ಲಾಡದು ಎಂದು ಮೇಸ್ತ್ರಿ ಭರವಸೆಯಿತ್ತ. ಎಂಜಿನಿಯರು ಮಾತ್ರ ಗೋಡೆಯನ್ನು ನೋಡಲಿಲ್ಲ. ಗೋಡೆಯ ಬುಡದಲ್ಲಿ ಗುಂಡಿ ತೋಡಿಸಿರೆಂದರು.

ಅವರು ಹೇಳಿದ ತತ್ತ್ವ ಸರಳವಾದುದು. ಕಟ್ಟಡದ ಪ್ರತಿಯೊಂದು ತೂಕವೂ ಚಾವಣಿಯಿಂದ ತೊಲೆಗೆ, ತೊಲೆಯಿಂದ ಗೋಡೆಗೆ ಅಥವಾ ಕಂಬಕ್ಕೆ, ಅಲ್ಲಿಂದ ಅಸ್ತಿಭಾರಕ್ಕೆ, ಕೊನೆಗೆ ಭೂಮಿಗೆ ಇಳಿಯಲೇಬೇಕು. ಈ ದಾರಿಯಲ್ಲಿ ಎಲ್ಲಿಯೂ ಸಾಲ ಹೇಳುವಂತಿಲ್ಲ. ಎಂಟುನೂರು ಚದರಡಿಯ, ಐದಂಗುಲ ದಪ್ಪದ ಕಾಂಕ್ರೀಟ್ ಚಾವಣಿಯೊಂದೇ ಸುಮಾರು 23 ಟನ್ ತೂಗುತ್ತದೆ. ಹತ್ತಡಿ ಎತ್ತರದ ಒಂಬತ್ತಂಗುಲದ ಗೋಡೆ ಪ್ರತಿ ಮೀಟರ್ ಉದ್ದಕ್ಕೆ ಒಂದೂಕಾಲು ಟನ್ನಿಗೂ ಮಿಕ್ಕಿರುತ್ತದೆ. ಜನ, ಪೀಠೋಪಕರಣಗಳಿಗೆಂದು ವಾಸದ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೋ ಲೆಕ್ಕ ಹಿಡಿಯಬೇಕೆಂಬುದು ಭಾರತೀಯ ಮಾನಕದ ನಿಯಮ. ಮೇಲಿಡುವ ಸಾವಿರ ಲೀಟರಿನ ತೊಟ್ಟಿಯಲ್ಲಿ ನೀರೇ ಒಂದು ಟನ್. ವ್ಯಾಪಾರಸ್ಥರಿಗೆ ಇದು ಖಾತೆಯ ಲೆಕ್ಕದಂತೆಯೇ ತೋರಬೇಕು; ಆದರೆ ಇಲ್ಲಿ ಬಾಕಿಯನ್ನು ಮುಂದಿನ ವರ್ಷಕ್ಕೆ ಒಯ್ಯಲಾಗದು.

ಭೂಮಿಯೂ ಎಲ್ಲೆಡೆ ಒಂದೇ ಅಲ್ಲ. ಹನುಮಂತನಗರದಲ್ಲಿ ರಾಮಾಂಜನೇಯ ಗುಡ್ಡದ ಮಗ್ಗುಲಲ್ಲಿ ಬಂಡೆ ಬೇಗ ಸಿಕ್ಕೀತು. ಕೆಂಪಾಂಬುಧಿ ಕೆರೆಯತ್ತ ಇಳಿದಂತೆ ಮಣ್ಣು ಆಳವಾದೀತು. ಒಂದು ಮೂಲೆ ಬಂಡೆಯ ಮೇಲೆಯೂ ಇನ್ನೊಂದು ತುಂಬಿದ ಮಣ್ಣಿನ ಮೇಲೆಯೂ ನಿಂತರೆ, ಮಣ್ಣಿನ ಕಡೆ ಮಾತ್ರ ತಗ್ಗಿ ಗೋಡೆ ಓರೆಯಾಗಿ ಸೀಳುತ್ತದೆ. ಸುಣ್ಣ ಬಳಿದು ಅದನ್ನು ಮರೆಮಾಚುವವರೇ ಹೆಚ್ಚು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಬೆನ್ನಿಗೆ ಹೊರಲಾರದಷ್ಟು ಹೇರುವುದೆಂದು ಅದರ ವಾಡಿಕೆಯ ಅರ್ಥ. ಗೋಡೆಗೆ ಜೀವವಿಲ್ಲ ನಿಜ. ಅದರ ಕೆಳಗೆ ಮಲಗುವವರಿಗೆ ಇದೆಯಲ್ಲವೆ? 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಅಂದಿನ ಕಪಾಲಿ ಚಿತ್ರಮಂದಿರದ ಸಮೀಪ ಕಟ್ಟಲಾಗುತ್ತಿದ್ದ ಏಳು ಅಂತಸ್ತಿನ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಅಸುನೀಗಿದರು. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಮತ್ತೊಂದು ಕಟ್ಟಡ ಕೂಲಿಕಾರರ ಮೇಲೆಯೇ ಬಿದ್ದಿತು. ನಡುವೆ ನಲವತ್ತೊಂದು ವರ್ಷಗಳು ಕಳೆದಿದ್ದವು.

ನಮ್ಮ ಹಿರಿಯರಿಗೆ ಈ ವಿವೇಕ ತಿಳಿಯದ್ದಲ್ಲ. 1430ರಲ್ಲಿ ನಿರ್ಮಾಣಗೊಂಡ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಯಾತ್ರೆಗೆ ಹೋದವರು ಕಂಬಗಳನ್ನು ಎಣಿಸಿ ಬರುತ್ತಾರೆಯೇ ಹೊರತು ತಲೆಯೆತ್ತಿ ನೋಡುವುದು ಕಡಿಮೆ. ಕೆಳಗಿನ ಅಂತಸ್ತು ಶಿಲೆಯದು, ಮೇಲಿನವು ಮರದವು. ಮೇಲೇರಿದಂತೆ ಕಟ್ಟಡ ಕಿರಿದಾಗುತ್ತದೆ, ಹಗುರವಾಗುತ್ತದೆ. ಕರಾವಳಿಯ ಮಳೆ ನಿಲ್ಲದಂತೆ ಮಾಡುಗಳು ಇಳಿಜಾರಾಗಿವೆ. ಭಾರವಾದುದು ಕೆಳಗೆ, ಹಗುರವಾದುದು ಮೇಲೆ, ನೀರಿಗೆ ಹೊರದಾರಿ: ಕಟ್ಟಡಶಾಸ್ತ್ರದ ಮೂಲಪಾಠ ಅಲ್ಲಿ ಕಣ್ಣೆದುರಿಗೇ ಇದೆ. ಇಂದು ಹಳೆಯ ಬಸದಿಯ ಚಾವಣಿಯ ಮೇಲೆ ಯಾತ್ರಿಕರ ಕೋಣೆಯನ್ನೋ ನೀರಿನ ತೊಟ್ಟಿಯನ್ನೋ ಏರಿಸಹೊರಡುವ ಟ್ರಸ್ಟಿನವರು, ದಾನಿಗಳ ಫಲಕ ಬರೆಸುವುದಕ್ಕೆ ಮುಂಚೆ ಬುಡವನ್ನೊಮ್ಮೆ ಪರೀಕ್ಷಿಸಿದರೆ ಉಪಕಾರವಾದೀತು.

ಅಚೌರ್ಯಾಣುವ್ರತಕ್ಕೂ ಇಲ್ಲಿ ಕೆಲಸವಿದೆ. ಸಿಮೆಂಟು ಕಡಿಮೆ ಮಾಡುವುದು ಹೀನಾಧಿಕಮಾನೋನ್ಮಾನ. ಜೇಡಿ ಬೆರೆತ ಮರಳನ್ನು ಒಳ್ಳೆಯದೆಂದು ಮಾರುವುದು ಪ್ರತಿರೂಪಕವ್ಯವಹಾರ. ಬಿಡಬೇಕಾದ ಜಾಗವನ್ನು ನುಂಗಿ ನೆರೆಮನೆಯ ಗಾಳಿಬೆಳಕು ಕಸಿಯುವುದು ವಿರುದ್ಧರಾಜ್ಯಾತಿಕ್ರಮ. ಸುಲಭವಾಗಿ ಹರಿಯಲೆಂದು ಕಾಂಕ್ರೀಟಿಗೆ ನೀರು ಸುರಿಯುವವನು ಏನನ್ನೂ ಕದಿಯುವುದಿಲ್ಲ. ಆದರೂ ಆ ನೀರು ಆರಿದ ಮೇಲೆ ಒಳಗೆ ಸೂಕ್ಷ್ಮ ರಂಧ್ರಗಳು ಉಳಿದು ಬಲ ಕುಂದುತ್ತದೆ. ಕಾಂಕ್ರೀಟಿನ ಬಲವನ್ನು ಅಳೆಯುವುದು 28ನೆಯ ದಿನಕ್ಕೆ. ನಾಲ್ಕೂವರೆ ಮೀಟರಿನವರೆಗಿನ ಚಾವಣಿಯ ಆಸರೆಗಳನ್ನು ಕನಿಷ್ಠ 7 ದಿನ, ಅದಕ್ಕೂ ಅಗಲವಾದುದಕ್ಕೆ 14 ದಿನ ತೆಗೆಯಬಾರದು. ಗೃಹಪ್ರವೇಶದ ಮುಹೂರ್ತಕ್ಕಾಗಿ ಇದನ್ನು ಅವಸರಿಸುವವರು ಮುಹೂರ್ತದ ಅರ್ಥವನ್ನೇ ತಿಳಿಯದವರು.

ಹನುಮಂತನಗರದ ಗುಂಡಿಯಲ್ಲಿ ಮೂರಡಿ ಆಳಕ್ಕೆ ಸಿಕ್ಕಿದ್ದು ಮಣ್ಣಿನ ಗಾರೆಯಲ್ಲಿ ಕಟ್ಟಿದ ಎರಡಡಿ ಅಗಲದ ಕಲ್ಲುಕಟ್ಟು. ಒಂದು ಅಂತಸ್ತಿಗೆ ಅದು ಪ್ರಾಮಾಣಿಕವಾದ ಕೆಲಸವೇ, ಮೂರಕ್ಕೆ ಸಾಲದು. ಹಳೆಯ ಗೋಡೆಗಳಿಗೆ ಭಾರ ತಗುಲದಂತೆ ಪ್ರತ್ಯೇಕ ಅಸ್ತಿಭಾರದ ಕಂಬಗಳನ್ನೆಬ್ಬಿಸಿ ಮೇಲೆ ಒಂದೇ ಅಂತಸ್ತು ಹಾಕಬಹುದೆಂದು ಎಂಜಿನಿಯರು ಹೇಳಿದರು. ಖರ್ಚು ಮೇಸ್ತ್ರಿಯ ಅಂದಾಜಿಗಿಂತ ಬಹಳ ಹೆಚ್ಚಾಯಿತು. ಎರಡನೆಯ ಅಂತಸ್ತನ್ನು ಕೈಬಿಟ್ಟುದಕ್ಕೆ ಮನೆಯಲ್ಲಿ ಕೆಲವು ತಿಂಗಳು ಮಾತು ಬಿಗಿಯಾಗಿತ್ತು. ಕಿರಿಯ ಮಗ ಗಿರಿನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದಾನೆ. ಭಾನುವಾರಗಳಲ್ಲಿ ಸೂರ್ಯಾಸ್ತಕ್ಕೆ ಮುಂಚಿನ ಊಟಕ್ಕೆ ಸಂಸಾರಸಮೇತ ಹಳೆಯ ಮನೆಗೇ ಬರುತ್ತಾನೆ.